ಎಡಕ್ಕೆ ವಾಲುವ ಗಾಡಿ
ಒಡುಂಡೊ ತಾತ ಮೂವತ್ತು ವರ್ಷ ಕೀನ್ಯಾದ ಕಿಸುಮುವಿನಲ್ಲಿ ಬಾಡಿಗೆಗೆ ಜನ ಸಾಗಿಸುವ ಮಟಾಟು ವ್ಯಾನು ಓಡಿಸಿದವರು. ಈಗ ಅವರು, ನಾನು ಮಂದಾಜಿ ಬನ್ನು ಕರಿಯುವ ಜಗಲಿಯ ಪಕ್ಕದ ಗೇಮ್ ಅಂಗಡಿಯಲ್ಲಿ ಕೂತು, ರಸ್ತೆಯಲ್ಲಿ ಓಡಿ ಆಮೇಲೆ ಹಾರುವ ಗಾಡಿಯನ್ನು ಪರದೆಯ ಮೇಲೆ ಕಟ್ಟುತ್ತಾರೆ. ರೆಕ್ಕೆ ದೊಡ್ಡದಾದರೆ ತಿರುವಿನಲ್ಲಿ ಚಕ್ರ ನೆಲ ಬಿಡುತ್ತದೆ, ಚಕ್ರ ಭಾರವಾದರೆ ಗಾಡಿ ಮೇಲೇಳುವುದಿಲ್ಲ. ತಾತ ಮೋಡದೊಳಗೂ ಹಾರ್ನ್ ಹೊಡೆಯುತ್ತಾರೆ. “ಅಲ್ಲಿ ಯಾರಿದಾರೆ ತಾತ, ದಾರಿ ಬಿಡೋಕೆ?” ಎಂದು ಅಂಗಡಿಯ ಅವಿನೊ ಕೆಣಕಿದರೆ, “ದೇವದೂತರು ಅಡ್ಡ ಬಂದ್ರೆ ಪೊಲೀಸರ ಹತ್ರ ನೀನು ಮಾತಾಡ್ತೀಯೇನಮ್ಮ?” ಅನ್ನುತ್ತಾರೆ. ಆಟದ ಸರೋವರವನ್ನು ಒಮ್ಮೆಯಾದರೂ ದಾಟಬೇಕೆಂಬುದು ಅವರ ಹಟ, ಅದಕ್ಕಾಗಿ ನಾನು ಪ್ರಾರ್ಥಿಸಿದ್ದೂ ಉಂಟು. ಆದರೆ ಗಾಡಿ ಪ್ರತಿಸಲ ಎಡಕ್ಕೆ ವಾಲಿ ನೀರಿಗೆ ಬೀಳುತ್ತದೆ. ಕಾರಣ, ಎಡಬಾಗಿಲಲ್ಲಿ ಅವರು ಕಂಡಕ್ಟರನಿಗೊಂದು ಸೀಟು ಇಟ್ಟಿದ್ದಾರೆ. “ಅದೊಂದು ತೆಗೆದುಬಿಡಿ ತಾತ, ತಾನಾಗಿ ಹಾರುತ್ತೆ,” ಎಂದು ನಿನ್ನೆ ಅವಿನೊ ಮೆತ್ತಗೆ ಹೇಳಿದಳು. “ವಸೋಂಗ ಹೊರಡು ಅಂತ ಎರಡು ಸಲ ಬಾಗಿಲ ತಗಡು ಬಡೀದೆ ನಾನು ಯಾವತ್ತು ಗಾಡಿ ಎತ್ತಿದ್ದೀನಿ?” ಎಂದರು ತಾತ. ಅವರ ಕಂಡಕ್ಟರ್ ವಸೋಂಗ ತೀರಿಕೊಂಡು ವರ್ಷವಾಯಿತು. ತಾತ ವ್ಯಾನು ಓಡಿಸುವುದನ್ನು ನಿಲ್ಲಿಸಿದ್ದೂ ಅದೇ ವಾರ. ಅಷ್ಟು ಹೇಳಿ ತಾತ ತಮ್ಮದೇ ಚಾಲಕನ ಸೀಟನ್ನು ಕಿತ್ತು, ಗಾಡಿ ಸಮವಾಗುವವರೆಗೆ ಬಲರೆಕ್ಕೆಯ ಮೇಲೆ ದೂರ ದೂರಕ್ಕೆ ಸರಿಸತೊಡಗಿದರು.