ಕಾಕಾ ಬಣ್ಣ ಬದಲಿಸಿದ ಟ್ಯಾಂಕು

ಇವತ್ತು ನನ್ನ ಮಗ ಯುದ್ಧ ಟ್ಯಾಂಕಿನ ಹೊಸ ಪುಟ್ಟ ಮಾದರಿಗೆ ಬಣ್ಣ ಹಚ್ಚಲು ಥಿನ್ನರ್ ಬಾಟಲಿ ತೆರೆದ. ಆ ವಾಸನೆಗೆ ಇಚಲಕರಂಜಿಯ ನಮ್ಮ ಹಳೆಯ ಮನೆಯ ಕಟ್ಟೆ ನೆನಪಾಯಿತು.

ಅಪ್ಪನ ತಮ್ಮ, ನಮ್ಮ ಕಾಕಾ, ಸೈನ್ಯದಲ್ಲಿ ಟ್ಯಾಂಕ್ ಓಡಿಸುತ್ತಿದ್ದವರು. ನಿವೃತ್ತರಾಗಿ ಬಂದ ಮೇಲೆ ಅಲ್ಲಿಯ ಮಾತನ್ನೇ ಎತ್ತುತ್ತಿರಲಿಲ್ಲ. ಬೀಳ್ಕೊಡುವಾಗ ಕೊಟ್ಟಿದ್ದ ಹಸಿರು ಬಣ್ಣದ ಮಾದರಿ ಟ್ಯಾಂಕು ಕಪಾಟಿನ ಮೇಲೆ ಧೂಳು ಹಿಡಿದಿತ್ತು. ಒಂದು ಮಧ್ಯಾಹ್ನ ಅದನ್ನು ಕೆಳಗಿಳಿಸಿ, ಹಸಿರನ್ನೆಲ್ಲ ಕೆರೆದು, ಮರಳಿನ ಬಣ್ಣ ಬಳಿದರು. ಮೇಲಿನ ಮುಚ್ಚಳ ಕೊರೆದು ತೆಗೆದು, ಕಟ್ಟಿಗೆಯಲ್ಲಿ ಕೆತ್ತಿದ ಪುಟ್ಟ ಸೈನಿಕನನ್ನು ಅಲ್ಲಿ ನಿಲ್ಲಿಸಿದರು.

“ಇಂವ ಯಾರು ಕಾಕಾ?” ಎಂದೆ.

“ನನ್ನ ದೋಸ್ತ, ಹಲಕರ್ಣಿ ಊರಾಂವ. ರಾಜಸ್ಥಾನದಾಗ ತೀರಿಕೊಂಡ. ಟ್ಯಾಂಕಿನೊಳಗ ಭಾಳ ಶಕಿ ಅಂತಿದ್ದ. ಈಗರ ಗಾಳಿಗೆ ನಿಂದರಲಿ.”

ಶೇಂಗಾ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು. “ಅವನ ಅವ್ವ ಅದಾಳೇನೋ?”

“ಅದಾಳ. ಅಂವ ಇಲ್ಲದ ನಾ ಒಬ್ಬನ ಯಾವ ಮಾರಿ ಇಟ್ಕೊಂಡ ಹೋಗ್ಲಿ?”

“ಇದನ್ನ ತಗೊಂಡ ಹೋಗು. ಮಗನ ಸುದ್ದಿ ಹೇಳಾವ್ರು ಆಕಿಗೆ ಮತ್ತ್ಯಾರದಾರ?”

ಬಣ್ಣ ಒಣಗಿದ ಮೇಲೆ ಕಾಕಾ ಟ್ಯಾಂಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಲಕರ್ಣಿಗೆ ಹೋಗಲು ಗಡಹಿಂಗ್ಲಜದ ಬಸ್ಸು ಹತ್ತಿದರು. ಅದನ್ನು ಆ ತಾಯಿಗೆ ಕೊಟ್ಟು ಬರಿಗೈಯಲ್ಲಿ ಮರಳಿ ಬಂದವರು ಅಜ್ಜಿಯ ಪಕ್ಕ ಕೂತು, ತಾಟಿನಲ್ಲಿದ್ದ ರೊಟ್ಟಿ ಆರಿದರೂ ಗೆಳೆಯನ ಮಾತು ನಿಲ್ಲಿಸಲಿಲ್ಲ. ಆ ತಾಯಿ ಇರುವತನಕ ಪ್ರತಿ ದೀಪಾವಳಿಗೂ ಹಲಕರ್ಣಿಗೆ ಹೋದರು.

ಯಾವ ಬಣ್ಣ ಹಚ್ಚಲಿ ಎಂದು ಮಗ ಕೇಳಿದ. ಕಾಕಾಗೆ ಫೋನ್ ಹಚ್ಚಿ ಕೊಟ್ಟೆ. ಇಬ್ಬರೂ ಇನ್ನೂ ಮಾತಾಡುತ್ತಲೇ ಇದ್ದಾರೆ.