ಉಸ್ತಾದರ ಬಂದೂಕಿಗೆ ಕಾರ್ಬನ್ ಬಳೆ

ಕರಿಬಸಯ್ಯನಿಗೆ ನಲವತ್ತು ತುಂಬಿತ್ತು. ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಲೇತ್ ಅಂಗಡಿ ಇತ್ತು, ಮೂರು ಹೊತ್ತಿನ ಊಟಕ್ಕೆ ತೊಂದರೆ ಇರಲಿಲ್ಲ. ಇಲ್ಲದ್ದು ಒಂದೇ: ಉಸ್ತಾದರ ಬಾಯಿಂದ ಒಂದು ಒಳ್ಳೆಯ ಮಾತು. ಉಸ್ತಾದ್ ಅಂದರೆ ಸಿಂಧನೂರಿನ ಇಸ್ಮಾಯಿಲ್‌ಸಾಬ್. ಅಲ್ಲಿನ ಅಕ್ಕಿ ಗಿರಣಿಗಳಲ್ಲಿ ಶಾಫ್ಟು ಬಾಗಲಿ, ಬೇರಿಂಗು ಕಿರುಗುಟ್ಟಲಿ, ಜನ ಮೊದಲು ಹುಡುಕುತ್ತಿದ್ದುದು ಅವರನ್ನೇ. ಕರಿಬಸಯ್ಯ ಹನ್ನೊಂದು ವರ್ಷ ಅವರ ಕೈಕೆಳಗೆ ಕಲಿತವನು. ಕೆಲಸ ನೆಟ್ಟಗಾದರೆ ಉಸ್ತಾದರು ‘ಹೂಂ’ ಅನ್ನುತ್ತಿದ್ದರು. ಕೆಟ್ಟರೆ ಅದೂ ಇಲ್ಲ. ಜಂಗಮನಾಗಿ ಹುಟ್ಟಿದವನು ಭಿಕ್ಷೆ ಬೇಡಿದ್ದರೆ ಜೋಳವಾದರೂ ಸಿಗುತ್ತಿತ್ತು, ಈ ಮನುಷ್ಯನ ಮುಂದೆ ಹೊಗಳಿಕೆ ಬೇಡಿ ಕೆಟ್ಟೆ ಎಂದು ಅವನು ಹೆಂಡತಿ ಕಸ್ತೂರೆಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದ.

ತೊಂಬತ್ತಮೂರರ ಬೇಸಿಗೆಯಲ್ಲಿ ಉಸ್ತಾದರು ತಾವೇ ಮಸ್ಕಿಗೆ ಬಂದರು. ಹೆಗಲ ಮೇಲೆ ಚಾದರದಲ್ಲಿ ಸುತ್ತಿದ ಬಂದೂಕು. ನಿಜಾಮನ ಕಾಲದಲ್ಲಿ ಅವರ ತಂದೆಗೆ ಸಿಕ್ಕ ಲೈಸೆನ್ಸಿನ ಬಂದೂಕು ಅದು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ವಾಡಿಕೆ. ಒಂದು ಕಾಲಕ್ಕೆ ಅವರು ಕಲ್ಲುಗಣಿಯ ಗೋಡೆಯ ಮೇಲಿಟ್ಟ ನಿಂಬೆಹಣ್ಣನ್ನು ಹಾರಿಸುತ್ತಿದ್ದವರು. ಈಗ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆಗಿ, ನಳಿಕೆಯ ತುದಿಯ ಗುರಿಮೊಳೆ ಕಾಣುತ್ತಿರಲಿಲ್ಲ. ಜೆಡ್ಡಾದಲ್ಲಿದ್ದ ಅಳಿಯ ಬಂದೂಕಿನ ಮೇಲೆ ಕೂರಿಸುವ ದುರ್ಬೀನೊಂದನ್ನು ತಂದುಕೊಟ್ಟಿದ್ದ. ಅದನ್ನು ಹಿಡಿದಿಡುವ ಮೌಂಟು ಇರಲಿಲ್ಲ. ಮೌಂಟೆಂದರೆ ಕೆಳಗೊಂದು ಪಟ್ಟಿ, ಮೇಲೆರಡು ಬಳೆ, ಅಷ್ಟೆ.

“ಉಕ್ಕಿನಾಗ ಮಾಡು” ಎಂದು ಹೇಳಿ, ಬಂದೂಕು, ದುರ್ಬೀನು ಎರಡನ್ನೂ ಅಲ್ಲೇ ಇಟ್ಟು, ಚಹಾ ಕುಡಿದು ಹೋದರು.

ಅಲ್ಲಿಗೆ ಸುಮ್ಮನಿದ್ದರೆ ಕರಿಬಸಯ್ಯ ಕರಿಬಸಯ್ಯನೇ ಅಲ್ಲ. ಉಕ್ಕಿನಲ್ಲಿ ಮಾಡಿದರೆ ಸಿಗುವುದು ಇನ್ನೊಂದು ‘ಹೂಂ’. ಉಸ್ತಾದರೇ ಕಂಡರಿಯದ ಮಾಲಿನಲ್ಲಿ ಮಾಡಿಕೊಟ್ಟರೆ? ವಿಮಾನಗಳಿಗೆ ಕಾರ್ಬನ್ ಫೈಬರ್ ಬಳಸುತ್ತಾರೆ, ಅದು ಉಕ್ಕಿಗಿಂತ ಹಗುರ, ಉಕ್ಕಿಗಿಂತ ಗಟ್ಟಿ ಎಂದು ಅವನು ಪೇಪರಿನಲ್ಲಿ ಓದಿದ್ದ. ಬಜ್ಜಿ ಕಟ್ಟಿಕೊಟ್ಟ ಪೇಪರು ಅದು. ಮುಂದಿನ ಭಾಗ ಎಣ್ಣೆಯಲ್ಲಿ ಅಳಿಸಿಹೋಗಿತ್ತು. ಉಳಿದದ್ದನ್ನು ನಮ್ಮ ವಿಜ್ಞಾನಿ ತಾನೇ ಊಹಿಸಿಕೊಂಡ.

ಹಟ್ಟಿಯ ಚಿನ್ನದ ಗಣಿಯಲ್ಲಿ ಕಸ್ತೂರೆಮ್ಮನ ತಮ್ಮನಿದ್ದ. ಅಲ್ಲಿನ ಸಾಹೇಬರು ಆಡಿ ಮುರಿದುಹಾಕಿದ ಬ್ಯಾಡ್ಮಿಂಟನ್ ರ‍್ಯಾಕೆಟುಗಳನ್ನು ಅವನಿಂದ ತರಿಸಿದ. ಕಾರ್ಬನ್ನಿನ ಕಡ್ಡಿಗಳನ್ನು ಉದ್ದುದ್ದ ಸೀಳಿ, ಒತ್ತಟ್ಟಿಗೆ ಕಟ್ಟಿ, ಅಂಟು ಸುರಿದು, ಅಂಗಡಿಯ ತಗಡಿನ ಮೇಲೆ ಒಣಗಿಸಿದ. ಮಸ್ಕಿಯ ಬಿಸಿಲಿಗೆ ಬೇರೆ ಕುಲುಮೆ ಬೇಕಿರಲಿಲ್ಲ. ಆಮೇಲೆ ಲೇತಿಗೆ ಕಟ್ಟಿ ಎರಡು ಬಳೆ ಕೊರೆದ. ಮೂರು ದಿನ ಮೈತುಂಬ ಕರಿ ಪುಡಿ, ಮೈತುಂಬ ತುರಿಕೆ. ಲಿಂಗಪೂಜೆಗೆ ಕೂತರೆ ಒಂದು ಕೈಯಲ್ಲಿ ಪತ್ರಿ ಏರಿಸುವುದು, ಇನ್ನೊಂದು ಕೈಯಲ್ಲಿ ಬೆನ್ನು ಕೆರೆಯುವುದು. ಆದರೆ ಬಳೆಗಳ ಒಳಮೈ ಮಾತ್ರ ಕನ್ನಡಿಯಾಗಿ ಬಂದಿತ್ತು.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಉಕ್ಕಿಗಿಂತ ಎಷ್ಟು ಹಗುರ ಎಂದು ಕಸ್ತೂರೆಮ್ಮನಿಗೆ ಹೆಮ್ಮೆಯಿಂದ ಹೇಳಿದ. ಅವಳು ಬಂದೂಕಿನ ತೂಕ ಕೇಳಿದಳು. ನಾಲ್ಕು ಕಿಲೋ ಅಂದ.

“ನಾಕು ಕಿಲೋದಾಗ ಒಂದು ಹಿಡಿ ಶೇಂಗಾದಷ್ಟು ಉಳಿಸಿ ಏನ್ ಮಾಡ್ತೀರಿ?”

ಸೈನ್ಸು ನಿನಗೆ ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದ. ತನಗೂ ತಿಳಿಯುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ದುರ್ಬೀನು ಕೂರಿಸಿ ತಿರುಪು ಬಿಗಿಯುವಾಗ ಇನ್ನೊಂದು ಘನಕಾರ್ಯ ನಡೆಯಿತು. ಗಿರಣಿಯಲ್ಲಿ ಎಲ್ಲವೂ ಅಲುಗಿ ಅಲುಗಿ ಸಡಿಲಾಗುತ್ತದೆ. ಅದಕ್ಕೇ ಗಿರಣಿ ಕೆಲಸದವರು ಬೋಲ್ಟು ಬಿಗಿಯಾಯಿತು ಅನ್ನಿಸಿದ ಮೇಲೂ ಅರ್ಧ ಸುತ್ತು ಹೆಚ್ಚಿಗೆ ತಿರುಗಿಸುತ್ತಾರೆ. ಇಪ್ಪತ್ತು ವರ್ಷದ ರೂಢಿ, ಕರಿಬಸಯ್ಯನ ಕೈ ತಾನಾಗಿಯೇ ತಿರುಗಿತು. ಒಳಗೆಲ್ಲೋ ‘ಚಿಟ್’ ಅಂದಿತು. ತಿರುಪು ಕೂತುಕೊಂಡ ಸದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಉಸ್ತಾದರು ಬಂದರು. ಊರಾಚೆಯ ಪಾಳುಬಿದ್ದ ಕಲ್ಲುಗಣಿಗೆ ಇಬ್ಬರೂ ಹೋದರು. ಉಸ್ತಾದರು ಕರಿ ಬಳೆಗಳನ್ನೊಮ್ಮೆ ನೋಡಿ, ಬಂದೂಕನ್ನು ಅವನ ಕೈಗೇ ಕೊಟ್ಟರು. ಅವರ ಅಂಗಡಿಯ ಕಾಯಿದೆಯೇ ಹಾಗೆ: ಯಂತ್ರ ಮೊದಲ ಸಲ ತಿರುಗುವಾಗ ಮಾಡಿದವನೇ ಪಕ್ಕ ನಿಲ್ಲಬೇಕು. ಹುಟ್ಟಿದಾರಭ್ಯ ಒಂದು ಇಲಿಯನ್ನೂ ಹೊಡೆಯದ ಅಯ್ಯನವರು ಹಣೆತುಂಬ ವಿಭೂತಿ ಧರಿಸಿ, ಉಸುಕಿನ ಚೀಲದ ಮೇಲೆ ಬಂದೂಕಿಟ್ಟು, ಬೋರಲು ಮಲಗಿ, ಕಣ್ಣನ್ನು ದುರ್ಬೀನಿಗೆ ಅಂಟಿಸಿಕೊಂಡು ಕುದುರೆ ಎಳೆದರು.

ಗಣಿಯ ಗೋಡೆಯ ಮೇಲಿಟ್ಟಿದ್ದ ನಿಂಬೆಹಣ್ಣು ಇದ್ದಲ್ಲೇ ಇತ್ತು. ಬಂದೂಕು ಹಿಂದಕ್ಕೆ ಒದ್ದ ಏಟಿಗೆ ಹಿಂದಿನ ಬಳೆ ಎರಡು ಹೋಳಾಗಿ, ದುರ್ಬೀನು ಅವನ ಹುಬ್ಬಿಗೆ ಬಡಿದಿತ್ತು. ವಿಭೂತಿಯ ಮೇಲೆ ರಕ್ತ ಇಳಿಯಿತು. ಉಸ್ತಾದರು ತಮ್ಮ ಹೆಗಲ ರುಮಾಲನ್ನು ಒತ್ತಿ ಹಿಡಿದು, ಕಣ್ಣು ನೆಟ್ಟಗಿದೆಯೇ ಎಂದು ಎರಡೆರಡು ಸಲ ನೋಡಿದರು. ಆಮೇಲೆ ಒಡೆದ ಹೋಳುಗಳನ್ನೂ ಗಟ್ಟಿಯಿದ್ದ ಮುಂದಿನ ಬಳೆಯನ್ನೂ ಜೇಬಿಗಿಳಿಸಿ, ಬಂದೂಕು ಸುತ್ತಿಕೊಂಡು ಬಸ್ ಹತ್ತಿದರು. ಒಂದು ಮಾತಿಲ್ಲ. ಹುಬ್ಬಿನ ನೋವು ಎರಡು ದಿನಕ್ಕೆ ಇಳಿಯಿತು; ಆ ಮೌನದ ನೋವು ಇಳಿಯಲಿಲ್ಲ. ಇನ್ನು ಮುಂದೆ ಅವರ ಲೆಕ್ಕದಲ್ಲಿ ತಾನು ಕೆಲಸಗಾರನೇ ಅಲ್ಲ ಎಂದು ಅವನಿಗೆ ಅನ್ನಿಸಿತು.

ಬಳೆ ಯಾಕೆ ಒಡೆಯಿತು ಎಂದು ತಿಳಿಸಿಕೊಟ್ಟವಳು ಕಸ್ತೂರೆಮ್ಮ. ಒಂದು ಒಣ ಜೋಳದ ದಂಟನ್ನು ಅವನ ಕೈಗಿತ್ತು ಎರಡೂ ತುದಿ ಹಿಡಿದು ಎಳೆಯಲು ಹೇಳಿದಳು, ತುಂಡಾಗಲಿಲ್ಲ. ಅದೇ ದಂಟನ್ನು ತಾನು ಎರಡು ಬೆರಳಲ್ಲಿ ಹಿಸುಕಿದಳು, ಉದ್ದಕ್ಕೆ ಸೀಳಿಹೋಯಿತು. ಕರಿಬಸಯ್ಯ ಆ ಸೀಳನ್ನು ಬಿಡಿಸಿ ನೋಡಿದ, ನಾರೆಲ್ಲ ಒಂದೇ ದಿಕ್ಕಿಗಿತ್ತು. ವಿಮಾನ ಮಾಡುವವರು ಎಳೆಗಳನ್ನು ಎಲ್ಲ ದಿಕ್ಕಿಗೂ ಹೆಣೆದಾರು. ತಾನು ಸೌದೆಯ ಹೊರೆ ಕಟ್ಟಿದಂತೆ ಒಂದೇ ದಿಕ್ಕಿಗೆ ಕಟ್ಟಿ, ಗಿರಣಿ ಬೋಲ್ಟಿನಂತೆ ಹಿಸುಕಿದ್ದ.

ತೆಪ್ಪಗೆ ಉಕ್ಕಿನಲ್ಲಿ ಮಾಡಿದ. ಅಷ್ಟರಲ್ಲಿ ಸಿಂಧನೂರಿನಿಂದ ಸುದ್ದಿ ಬಂತು: ಉಸ್ತಾದರು ಆ ಒಡೆದ ಮೌಂಟನ್ನು ಬಂದಬಂದವರಿಗೆಲ್ಲ ತೋರಿಸುತ್ತಿದ್ದಾರಂತೆ. ಕರಿಬಸಯ್ಯನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೀಗೆ ಊರೆಲ್ಲ ಮೆರೆಸುವುದೇ? ಕಾಲು ಹಿಡಿದಾದರೂ ಅದನ್ನು ವಾಪಸು ತರಬೇಕೆಂದು ಉಕ್ಕಿನ ಮೌಂಟನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಉಸ್ತಾದರ ಮನೆಯ ಬಾಗಿಲು ಅರ್ಧ ತೆರೆದಿತ್ತು. ಚಪ್ಪಲಿ ಬಿಡುತ್ತಿದ್ದಾಗ ಒಳಗಿನ ಮಾತು ಕೇಳಿಸಿತು. ತುರ್ವಿಹಾಳದ ಗಿರಣಿಯ ವೆಂಕೋಬ ಬಂದು ಕೂತಿದ್ದ.

“ಒಡದಿದ್ದು ಬಿಡು ವೆಂಕೋಬ, ಅದು ಮಾಲಿನ ತಪ್ಪು” ಅನ್ನುತ್ತಿದ್ದರು ಉಸ್ತಾದರು. “ಈ ಗಟ್ಟಿ ಬಳಿ ಒಳಗ ಬೆರಳಾಡಿಸು. ಎಲ್ಲೆರ ಕೂದಲೆಳಿಯಷ್ಟು ಏರಿಳಿತ ಐತೇನು? ನಮ್ಮ ಬಸಯ್ಯನ ಕೈ ಇದು. ನನ್ನ ಕಣ್ಣು ಚಲೋ ಇದ್ದಾಗನೂ ನನಗ ಹಿಂಗ ಬಂದಿಲ್ಲ.”

ಕರಿಬಸಯ್ಯ ಒಂದು ಚಪ್ಪಲಿ ಕಾಲಲ್ಲಿ, ಒಂದು ಹೊರಗೆ, ಹಾಗೇ ನಿಂತ. ಒಳಗಿಂದ ಬಂದ ಉಸ್ತಾದರ ಹೆಂಡತಿ ದಾವಲ್‌ಬೀ, ಅಯ್ಯಾರು ಯಾಕೆ ಹೊರಗೇ ನಿಂತಿರಿ ಎಂದು ಕರೆದಳು. ಅವನು ಒಳಗೆ ಕಾಲಿಡುವಷ್ಟರಲ್ಲಿ ಉಸ್ತಾದರು ಬಳೆಯನ್ನು ಲೋಡುದಿಂಬಿನ ಕೆಳಗೆ ತುರುಕಿ, ಗಿರಣಿಯ ಬೆಲ್ಟಿನ ಮಾತು ತೆಗೆದಿದ್ದರು. ಕರಿಬಸಯ್ಯ ಚಹಾ ಕುಡಿದ, ಕೇಳಿದ್ದಕ್ಕೆಲ್ಲ ಹೌದ್ರಿ ಅಂದ, ಎದ್ದು ಬಂದ. ಉಕ್ಕಿನ ಮೌಂಟು ಇನ್ನೂ ಚೀಲದಲ್ಲೇ ಇದೆ ಎಂಬುದು ಮಸ್ಕಿಯಲ್ಲಿ ಇಳಿದ ಮೇಲೆ ನೆನಪಾಯಿತು.

ಉಸ್ತಾದರು ಏನಂದರು ಎಂದು ಕಸ್ತೂರೆಮ್ಮ ಕೇಳಿದಳು.

“ನನಗೇನೂ ಅನ್ನಲಿಲ್ಲ” ಅಂದ ಕರಿಬಸಯ್ಯ, ಹಾಗಂದು ಗೋಡೆಗೆ ಒರಗಿ ಕೂತು, ಸಣ್ಣ ಹುಡುಗನ ಹಾಗೆ ಖುಷಿಯಿಂದ ಅತ್ತುಬಿಟ್ಟ.