ಈಜು ಬಾರದವನ ಹವಳದ ಕೆಲಸ

ಸಮುದ್ರದ ತಳದಲ್ಲಿ ಹವಳಗಳು ಹೇಗಿವೆ ಎಂದು ನೋಡುವುದು ನನ್ನ ಕೆಲಸ ಎಂದರೆ ಕೊಪ್ಪದ ನೆಂಟರು ನನ್ನನ್ನು ದೊಡ್ಡ ಸಾಹಸಿ ಎಂದುಕೊಳ್ಳುತ್ತಾರೆ. ನನಗೆ ಈಜು ಬರುವುದಿಲ್ಲವೆಂದು ನಾನಾಗಿ ಹೇಳಲು ಹೋಗುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುವಾಗಲೂ ಒಣ ಮೆಟ್ಟಿಲು ಬಿಟ್ಟು ಇಳಿದವನಲ್ಲ. ಸಮುದ್ರಕ್ಕಿಳಿಯುವುದು ರೋಬೋ. ನಾನು ದೋಣಿಯಲ್ಲಿ ಕೂತು, ಅದರ ಕ್ಯಾಮೆರಾ ಕಳಿಸುವ ಚಿತ್ರ ನೋಡುತ್ತ ಗುಂಡಿ ಒತ್ತುತ್ತೇನೆ.

ಹೊಸ ರೋಬೋ ಬಂದಾಗ, ಕೈ ಪಳಗಲಿ ಎಂದು ರಜೆಯಲ್ಲಿ ಅದನ್ನು ಶೆಟ್ಟಿಕೊಪ್ಪದ ಅಕ್ಕನ ಮನೆಗೆ ತಂದೆ. ಭಾವ ಯಾರದೋ ದೋಣಿ ಕೇಳಿ ತಂದರು. ನರಸಿಂಹರಾಜಪುರದ ಹತ್ತಿರ ಭದ್ರಾ ಹಿನ್ನೀರಿನಲ್ಲಿ, ಲೈಫ್ ಜಾಕೆಟ್ ಬಿಗಿದುಕೊಂಡು, ರೋಬೋ ಬಗ್ಗೆ ಸಣ್ಣ ಭಾಷಣವನ್ನೂ ಮಾಡಿದೆ. ದಡದಲ್ಲಿದ್ದ ಅಕ್ಕ ಆಕಳಿಸಿದಳು.

ರೋಬೋ ಚೆನ್ನಾಗಿಯೇ ಮುಳುಗಿತು. ಸ್ವಲ್ಪ ಹೊತ್ತಿಗೆ ಅದರ ಕೇಬಲ್ಲು ನೀರೊಳಗಿನ ಮರದ ಬೊಡ್ಡೆಗೆ ಸುತ್ತಿಕೊಂಡಿತು. ಎದ್ದು ನಿಂತು ಎಳೆದೆ. ದೋಣಿ ವಾಲಿತು. ನಾನು ನೀರಿನಲ್ಲಿದ್ದೆ.

"ಭಾವಾ, ಸತ್ತೆ!"

"ಎದ್ದು ನಿಲ್ಲೋ ಮಾರಾಯ! ಸೊಂಟದಷ್ಟೂ ನೀರಿಲ್ಲ!"

ನಿಂತೆ. ನಿಜಕ್ಕೂ ಇರಲಿಲ್ಲ. ಅಕ್ಕ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ಕೇಬಲ್ಲನ್ನು ಭಾವನೇ ಬಿಡಿಸಿದರು.

ಕೆಲಸಕ್ಕೆ ಮರಳಿದಾಗ ನಮ್ಮ ತಂಡದ ಮುಖ್ಯಸ್ಥೆ ಆ ದಿನದ ವಿಡಿಯೋವನ್ನು ಎಲ್ಲರೆದುರು ಹಾಕಿದರು. ಅಳಿಸುವುದು ಮರೆತಿದ್ದೆ. ಕೆಸರಿಗೆ ಕೆಂಪಾದ ನೀರು, ಅದರಲ್ಲಿ ಬಡಿದಾಡುವ ಎರಡು ಕಾಲು.

"ಇದು ಯಾವ ಪ್ರಾಣಿ?"

"ನಾನೇ, ಮೇಡಂ."

ಮರುದಿನ ಸಮುದ್ರದಲ್ಲಿ ಯಾರೂ ನಗಲಿಲ್ಲ. ನೀರು ಬಿಸಿಯಾದರೆ ಹವಳ ಬಣ್ಣ ಕಳೆದುಕೊಂಡು ಬಿಳಿಚುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೆ. ಆದರೆ ಅಂದು ಪರದೆಯ ತುಂಬ ಸುಣ್ಣ ಬಳಿದಂಥ ಹವಳದ ದಿಬ್ಬವೇ ಇತ್ತು. ರೋಬೋವನ್ನು ನಿಧಾನವಾಗಿ ನಡೆಸಿ, ಒಂದೊಂದನ್ನೂ ಚಿತ್ರ ತೆಗೆದೆ.

ಮುಂದಿನ ವರ್ಷ ಅಲ್ಲಿಗೇ ಹೋದೆವು. ಎಷ್ಟೋ ಹವಳ ಸತ್ತು ಪಾಚಿ ಹಿಡಿದಿತ್ತು. ಒಂದು ಅಂಚಿನಲ್ಲಿ ಮಾತ್ರ ಬದುಕುಳಿದ ಹವಳಕ್ಕೆ ಕಂದು, ಹಸಿರು ಬಣ್ಣ ಮತ್ತೆ ಬಂದಿತ್ತು. ದಡಕ್ಕೆ ಬಂದ ಕೂಡಲೇ ಅಕ್ಕನಿಗೆ ಫೋನ್ ಮಾಡಿ ಅದನ್ನು ಹೇಳಿದೆ.

"ಒಳ್ಳೇದಾಯ್ತು ಬಿಡು," ಎಂದಳು. "ಯಾಕೋ, ಮೂಗು ಕಟ್ಟಿದೆಯಾ? ಸ್ವರ ಒಂಥರಾ ಕೇಳ್ತಿದೆ."

ಸಮುದ್ರದ ಗಾಳಿ ಎಂದೆ. ಕಷಾಯ ಮಾಡುವ ವಿಧಾನವನ್ನು ಮೊದಲಿಂದ ಕೊನೆಯವರೆಗೂ ಹೇಳಿದಳು. ನಾನೂ ಪೂರ್ತಿ ಕೇಳಿಸಿಕೊಂಡೆ.